ವಾಯ್ಡ್ ಸ್ಟಾರ್ ಪುರಾಣ

ನಮ್ಮ ಟೀಮಿಗೆ ಹೊಸದಾಗಿ ಬಂದ ಹುಡುಗನಿಗೆ ಲಿಬ್‌ಕರ್ಲ್ ಗಂಟುಬಿತ್ತು. ಸ್ವೀಡನ್ನಿನ ಡೇನಿಯಲ್ ಸ್ಟೆನ್‌ಬರ್ಗ್ 2000ದಿಂದ ಸಾಕಿಕೊಂಡು ಬಂದಿರುವ ಲೈಬ್ರರಿ ಅದು, ಅಂದರೆ ನಮ್ಮ ಪ್ರೋಗ್ರಾಮಿಗೆ ಸೇರಿಸಿಕೊಳ್ಳುವ ಸಿದ್ಧ ಕೋಡು. ಇಂಟರ್ನೆಟ್ಟಿನಿಂದ ಏನು ಬೇಕಾದರೂ ಹೊತ್ತು ತರುತ್ತದೆ. ತಂದದ್ದನ್ನು ಎಲ್ಲಿ ಇಳಿಸಬೇಕು ಅನ್ನುವುದನ್ನು ಮಾತ್ರ ನಾವೇ ಹೇಳಬೇಕು. ಪುಟದ ಅಕ್ಷರಗಳನ್ನು ತುಂಬಿಕೊಳ್ಳಲು ಒಂದು ಸ್ಟ್ರಿಂಗ್ ಇಟ್ಟಿದ್ದ ಹುಡುಗ ಅದನ್ನು ಹೇಳಲಿಲ್ಲ. ಇಡೀ ವೆಬ್ ಪುಟ ಟರ್ಮಿನಲ್ ಮೇಲೆ ದಬದಬ ಸುರಿಯಿತು.

"ಸಾರ್, ನನ್ನ ಸ್ಟ್ರಿಂಗ್ ಖಾಲಿ, ಸ್ಕ್ರೀನ್ ಫುಲ್ಲು!"

"ರೈಟ್‌ಡೇಟಾ ಅಂತ ಒಂದು ಆಪ್ಷನ್ ಇದೆಯಪ್ಪಾ, ಅದಕ್ಕೆ ಸ್ಟ್ರಿಂಗ್ ಅಡ್ರೆಸ್ ಕೊಡು" ಅಂದರು ನಮ್ಮ ಲೀಡು. ಅಷ್ಟಂದು ಕಾಫಿಗೆ ಎದ್ದರು. ಹಿರಿಯರ ಸಲಹೆ ಯಾವಾಗಲೂ ಅರ್ಧವೇ. ಹುಡುಗ ಅಡ್ರೆಸ್ ಕೊಟ್ಟ, ರೈಟ್‌ಫಂಕ್ಷನ್ ಎಂಬ ಇನ್ನೊಂದು ಆಪ್ಷನ್ನಿನಲ್ಲಿ ಕಾಲ್‌ಬ್ಯಾಕ್ ಕೊಡಲಿಲ್ಲ; ಡೇಟಾ ಬಂದಾಗಲೆಲ್ಲ ಲೈಬ್ರರಿ ಕರೆಯುವ ನಮ್ಮದೇ ಫಂಕ್ಷನ್ ಅದು. ಕಾಲ್‌ಬ್ಯಾಕ್ ಇಲ್ಲದಿದ್ದರೆ ಲಿಬ್‌ಕರ್ಲ್ ಆ ವಿಳಾಸದಲ್ಲಿ ತೆರೆದ ಫೈಲ್ ಇದೆ ಎಂದೇ ನಂಬಿ ಬರೆಯಲು ಹೋಗುತ್ತದೆ. ಪ್ರೋಗ್ರಾಂ ಅಲ್ಲೇ ಮಕಾಡೆ ಮಲಗಿತು.

ಪಕ್ಕದ ಸೀಟಿನಿಂದ ನೋಡುತ್ತಿದ್ದ ನನಗೆ ಲೈಬ್ರರಿಯ ಮೇಲೇ ಕನಿಕರ. ಆ ಅಡ್ರೆಸ್ ಅದರ ಕೈಗೆ ಹೋಗುವುದು ವಾಯ್ಡ್ ಸ್ಟಾರ್ (void *) ಆಗಿ, ಅಂದರೆ ಅಲ್ಲಿ ಏನಿದೆಯೆಂದು ಹೇಳದ ಬರೀ ವಿಳಾಸವಾಗಿ (ಪಾಯಿಂಟರ್). ವಾಯ್ಡ್ ಸ್ಟಾರ್ ಅಂದರೆ ಬಸ್ ಕಂಡಕ್ಟರ್ ಕೈಲಿ ಊರಿಗೆ ಕಳಿಸುವ ಚೀಲ. ಒಳಗಿರುವುದು ಹಪ್ಪಳವೋ ಹಲಸಿನ ತೊಳೆಯೋ, ಅವನು ಬಿಚ್ಚಿ ನೋಡುವುದಿಲ್ಲ. ಕಾಲ್‌ಬ್ಯಾಕಿನ ನಾಲ್ಕನೇ ಆರ್ಗ್ಯುಮೆಂಟಾಗಿ (ಫಂಕ್ಷನ್ನಿನ ಕೈಗೆ ಕೊಡುವ ಮೌಲ್ಯ) ಕೊಟ್ಟ ಹಾಗೇ ಮುಟ್ಟಿಸುತ್ತಾನೆ. ಏನಿದೆಯೆಂಬುದು ಬಿಚ್ಚುವವನಿಗೆ ಗೊತ್ತಿದ್ದರೆ ಸಾಕು.

ಸರಿ, ಕಾಲ್‌ಬ್ಯಾಕೂ ಬಂತು. ಎಷ್ಟು ಬೈಟ್ ತೆಗೆದುಕೊಂಡೆವೆಂದು ಅದು ಕೊನೆಯಲ್ಲಿ ಲೆಕ್ಕ ಒಪ್ಪಿಸಬೇಕು. ಎರಡನೇ ಆರ್ಗ್ಯುಮೆಂಟಿನ ಹೆಸರು ಸೈಜ್ ಅಂತಿದೆಯಲ್ಲ, ಹುಡುಗ ಅದನ್ನೇ ರಿಟರ್ನ್ ಮಾಡಿದ. ಆ ಸೈಜ್ ಯಾವತ್ತೂ 1! ಮತ್ತೆ ಯಾಕಿಟ್ಟಿದ್ದಾರೆ ಅಂತ ಕೇಳಬೇಡಿ, ಫೈಲಿಗೆ ಬರೆಯುವ ಸಿ ಭಾಷೆಯ ಫಂಕ್ಷನ್ ಎಫ್‌ರೈಟ್, ಅದರ ಮನೆತನದ ಚಾಳಿ ಅದು. ನಿಜವಾದ ಅಳತೆ ಮೂರನೆಯದರಲ್ಲಿದೆ, ಒಂದು ಸಲಕ್ಕೆ 16 ಕೆಬಿವರೆಗೂ. ಅಷ್ಟು ತಂದುಕೊಟ್ಟ ಮೇಲೆ ಒಂದೇ ಬೈಟ್ ಸಿಕ್ಕಿತೆಂದರೆ ಯಾರು ಸುಮ್ಮನಿರುತ್ತಾರೆ? ಲಿಬ್‌ಕರ್ಲ್ 23ನೇ ನಂಬರಿನ ಎರರ್ ಎಸೆದು ಕೆಲಸ ನಿಲ್ಲಿಸಿತು.

"ಈ ಪಾಯಿಂಟರ್ ಸಹವಾಸವೇ ಬೇಡ ಸಾರ್!" ಲೆಕ್ಕ ಸರಿಮಾಡಿದ ಕೈಯಲ್ಲೇ ಹುಡುಗ ರೈಟ್‌ಡೇಟಾ ಕಿತ್ತುಹಾಕಿ, ಇಡೀ ಪ್ರೋಗ್ರಾಮಿಗೆಲ್ಲ ಒಂದೇ ಆದ ಗ್ಲೋಬಲ್ ಸ್ಟ್ರಿಂಗ್ ಇಟ್ಟು ಅದಕ್ಕೇ ತುಂಬಿಸತೊಡಗಿದ. ಓಡಿತು! ಲೀಡು ಬೆನ್ನು ತಟ್ಟಿದರು. ಅದೇ ಹುರುಪಿನಲ್ಲಿ ಎರಡು ಡೌನ್‌ಲೋಡನ್ನು ಒಟ್ಟಿಗೇ ಬಿಟ್ಟರು: ಒಂದು ರೈಲು ವೇಳಾಪಟ್ಟಿ, ಇನ್ನೊಂದು ಕ್ರಿಕೆಟ್ ಸ್ಕೋರು. ಯಾವ ತುಣುಕು ಯಾರದೆಂದು ಹೇಳುವವರಿಲ್ಲದೆ ಎರಡೂ ಒಂದರೊಳಗೊಂದು ನುಗ್ಗಿದವು. ಆ ಸ್ಟ್ರಿಂಗಿನ ಪ್ರಕಾರ ಅರಸೀಕೆರೆ ಪ್ಯಾಸೆಂಜರ್ ನಾಲ್ಕು ವಿಕೆಟ್ ಕಳೆದುಕೊಂಡು ತುಮಕೂರು ಬಿಟ್ಟಿತ್ತು.