ಕರೆಂಟು ಆಮೇಲೆ, ಮೊದಲು ಸ್ಪೀಚ್ ಥೆರಪಿ

ಲಕ್ವ ಹೊಡೆದು ಮಾತು ನಿಂತವರ ತಲೆಗೆ ಕರೆಂಟು ಕೊಟ್ಟರೆ ಮಾತು ಬರುತ್ತಂತೆ, ಆ ಮಿಷನ್ ಎಲ್ಲಿ ಸಿಗುತ್ತೆ ಅಂತ ಶಿಡ್ಲಘಟ್ಟ, ಚಿಂತಾಮಣಿ ಕಡೆಯವರು ಕೇಳ್ತಾನೇ ಇದ್ದಾರೆ. ನಮ್ಮ ದೊಡ್ಡಪ್ಪನಿಗೂ ಲಕ್ವ ಹೊಡೆದು ಮಾತು ನಿಂತಿದ್ದು ಅವರಿಗೆಲ್ಲ ಗೊತ್ತು. ಎಲ್ಲರಿಗೂ ಸೇರಿಸಿ ಇಲ್ಲೇ ಬರೀತೀನಿ.

ಇದು ಶಾಕ್ ಟ್ರೀಟ್‌ಮೆಂಟ್ ಅಲ್ಲ. ಟಿಡಿಸಿಎಸ್ ಅಂತಾರೆ. ಉಪ್ಪುನೀರಲ್ಲಿ ನೆನೆಸಿದ ಸ್ಪಾಂಜು ತಲೆ ಮೇಲಿಟ್ಟು 1–2 ಮಿಲಿಆಂಪ್ ಕರೆಂಟನ್ನು ಸುಮಾರು 20 ನಿಮಿಷ ಹರಿಸ್ತಾರೆ. ಚರ್ಮ ಚುಮುಚುಮು ಅನ್ನಬಹುದು. ಅಷ್ಟು ಸಣ್ಣ ಕರೆಂಟು ತಾನೇ ಮಾತು ಹೊರಡಿಸಲ್ಲ. ಸ್ಪೀಚ್ ಥೆರಪಿಯಲ್ಲಿ, ಅಂದ್ರೆ ಮಾತಿನ ಅಭ್ಯಾಸದಲ್ಲಿ, ದುಡೀತಿರೋ ನರಕೋಶಗಳು ಇನ್ನಷ್ಟು ಸಲೀಸಾಗಿ ಎಚ್ಚೆತ್ತುಕೊಳ್ಳಲಿ ಅಂತ ಕೊಡೋದು. 2018ರಲ್ಲಿ ಅಮೆರಿಕದವರು ಪ್ರಕಟಿಸಿದ 74 ಜನರ ಪ್ರಯೋಗದಲ್ಲಿ ಎಲ್ಲರಿಗೂ 15 ಸಲ ಥೆರಪಿ ಆಗಿತ್ತು, ನಿಜವಾದ ಕರೆಂಟು ಕೆಲವರಿಗೆ ಮಾತ್ರ. ಅವರು ಚಿತ್ರಗಳ ಹೆಸರು ಹೇಳೋದರಲ್ಲಿ ಹೆಚ್ಚು ಸುಧಾರಿಸಿದ್ದರು. ಆದರೆ ಮುಂದಿನ ವರ್ಷ ಇಂಥ ಪ್ರಯೋಗಗಳನ್ನೆಲ್ಲ ಒಟ್ಟಿಗೆ ನೋಡಿದ ಕಾಕ್ರೇನ್ ಅನ್ನೋ ವೈದ್ಯಕೀಯ ಸಂಶೋಧಕರ ಸಂಸ್ಥೆಯ ವರದಿಯಲ್ಲಿ, ದಿನನಿತ್ಯದ ಮಾತುಕತೆಗೆ ಅದರಿಂದ ಪ್ರಯೋಜನ ಆಯ್ತು ಅನ್ನೋಕೆ ಆಧಾರ ಸಿಕ್ಕಿಲ್ಲ.

ದೊಡ್ಡಪ್ಪ ಜೀವಮಾನವಿಡೀ ರೇಷ್ಮೆಗೂಡಿನ ಮಾರ್ಕೆಟ್ಟಲ್ಲಿ ವ್ಯವಹಾರ ಮಾಡಿದವರು. ಬೀಗದ ಕೈ ಚಿತ್ರ ತೋರಿಸಿದ್ರೆ ಸೊಂಟದ ಗೊಂಚಲು ಎತ್ತಿ ತೋರಿಸ್ತಾರೆ, ಹೆಸರು ಮಾತ್ರ ಬಾಯಿಗೆ ಬರಲ್ಲ. ಅದೇ ದೊಡ್ಡಮ್ಮ "ಒಕಟಿ, ರೆಂಡು" ಅಂತ ಶುರು ಮಾಡಿದ್ರೆ ಹತ್ತರ ತನಕ ನಿಲ್ಲದೆ ಹೇಳ್ತಾರೆ. ಬಾಯಿಪಾಠ ಆದದ್ದು ಹೀಗೆ ಉಳಿಯೋದುಂಟು. ಥೆರಪಿಯವರು ಅದನ್ನೇ ಹಿಡಿದು ಮುಂದೆ ಹೋದರು. ಮನೆಯಲ್ಲಿ ತೆಲುಗು, ಮಾರ್ಕೆಟ್ಟಲ್ಲಿ ಕನ್ನಡ, ಗೂಡಿಂದ ನೂಲು ತೆಗೆಯೋ ರೀಲರ್‌ಗಳ ಹತ್ತಿರ ಉರ್ದು ಆಡಿದ ಮನುಷ್ಯನಿಗೆ ಒಂದೇ ಭಾಷೆಯ ಕಾರ್ಡು ಹಿಡಿದರೆ ಆಗಲ್ಲ. ನೋಡೋಕೆ ಬಂದವರು ಕಿವುಡರಿಗೆ ಕೂಗಿದ ಹಾಗೆ ಕೂಗ್ತಾರಲ್ಲ, ಅದು ನನಗೆ ತಡೆಯೋಕಾಗಲ್ಲ. ದೊಡ್ಡಪ್ಪನಿಗೆ ನಾವು ಹೇಳೋದು ಅರ್ಥ ಆಗುತ್ತೆ ರೀ!

ಕೈಕಾಲಿಗೆ ಫಿಸಿಯೋಥೆರಪಿ ನಮ್ಮೂರಲ್ಲೇ ಸಿಕ್ತು, ಮಾತಿಗೆ ಬೆಂಗಳೂರಿಗೇ ಓಡಬೇಕಾಯ್ತು. ಬಸ್ಸು ಹತ್ತಿ ಇಳಿಯೋಕಾಗದವರು ಥೆರಪಿಯನ್ನೇ ಬಿಡ್ತಾರೆ. ಪ್ರತಿ ತಾಲ್ಲೂಕು ಆಸ್ಪತ್ರೆಯಲ್ಲೂ ಒಬ್ಬ ಸ್ಪೀಚ್ ಥೆರಪಿಸ್ಟ್ ಇರಲೇಬೇಕು. ನಮ್ಮ ಶಾಸಕರನ್ನು ನಾವು ಕೇಳಬೇಕಾದ್ದು ಇದನ್ನ.

ಅಲ್ಲೀವರೆಗೆ ಮೈಸೂರಿನ ವಾಕ್ ಶ್ರವಣ ಸಂಸ್ಥೆ ಆಯಿಷ್‌ನಲ್ಲಿ ವಿಚಾರಿಸಿ, ಅವರು ವಿಡಿಯೋ ಕಾಲ್‌ನಲ್ಲೂ ಥೆರಪಿ ಕೊಡ್ತಾರೆ. ಆನ್‌ಲೈನ್‌ನಲ್ಲಿ ಮಿಷನ್ ತರಿಸಿ ಮನೇಲಿ ಹಚ್ಚೋಕೆ ಮಾತ್ರ ಹೋಗಬೇಡಿ. ಸ್ಪಾಂಜು ಒಣಗಿದ್ರೆ ಚರ್ಮ ಸುಡುತ್ತೆ. ಫಿಟ್ಸ್ ಬಂದಿದ್ದವರು, ತಲೆ ಆಪರೇಷನ್ ಆದವರು ನರರೋಗ ತಜ್ಞರನ್ನು ಕೇಳದೆ ಮುಟ್ಟಲೇಬಾರದು.