ಸಚಿವರ ಕಷಾಯ

ದೇಶದ ಕಿವಿ ಕೆಟ್ಟಿದೆ ಎಂದು ಸರ್ಕಾರಕ್ಕೆ ಗೊತ್ತಾದದ್ದು 1952ರಲ್ಲಿ. ಆ ವರ್ಷ ವಾರ್ತಾ ಮತ್ತು ಪ್ರಸಾರ ಸಚಿವರಾಗಿ ಬಂದ ಬಿ.ವಿ. ಕೇಸ್ಕರ್ ಸ್ವತಃ ಶಾಸ್ತ್ರೀಯ ಸಂಗೀತ ಕಲಿತವರು. ನಾಡಿ ಹಿಡಿದು ನೋಡಿದರು: ರೋಗ, ಸಿನಿಮಾ ಹಾಡು. ಆಕಾಶವಾಣಿಗೆ ಚೀಟಿ ಬರೆದೇಬಿಟ್ಟರು: ಸಂಜೆ ಶಾಸ್ತ್ರೀಯ ಸಂಗೀತ, ನಡುವೆ ವಿದ್ವಾಂಸರೊಬ್ಬರ ಭಾಷಣ, ಮಲಗುವ ಮುಂಚೆ ಇನ್ನೊಂದು ಲೋಟ ಶಾಸ್ತ್ರೀಯ ಸಂಗೀತ. ಶನಿವಾರ ರಾತ್ರಿಯಂತೂ ಇಡೀ ದೇಶಕ್ಕೆ ಒಂದೇ ಹಂಡೆಯಿಂದ ರಾಷ್ಟ್ರೀಯ ಸಂಗೀತ ಕಾರ್ಯಕ್ರಮ.

ಅಳಿದುಳಿದ ಸಿನಿಮಾ ಹಾಡಿಗೂ ಮಡಿ ಬಂತು. ಸಿನಿಮಾದ ಹೆಸರು ಹೇಳಿದರೆ ಜಾಹೀರಾತಾಗುತ್ತದಂತೆ. ಗಂಡನ ಹೆಸರು ಹೇಳಲಾರದ ಹಳೇ ಕಾಲದ ಮುತ್ತೈದೆಯ ಹಾಗೆ ಉದ್ಘೋಷಕರು ಅದನ್ನು ನುಂಗಿಕೊಂಡು ಗಾಯಕರ ಹೆಸರಷ್ಟೇ ಹೇಳತೊಡಗಿದರು. ನಿರ್ಮಾಪಕರು ಮುನಿಸಿಕೊಂಡು ಹಾಡುಗಳನ್ನೇ ಕೊಡುವುದಿಲ್ಲ ಎಂದರು.

ಹಾರ್ಮೋನಿಯಂಗೆ 1940ರಿಂದಲೇ ಬಹಿಷ್ಕಾರವಿತ್ತು. ಅದರಲ್ಲಿ ಗಮಕ, ಅಂದರೆ ಸ್ವರದ ತೂಗಾಟ, ಬರುವುದಿಲ್ಲ, ಶ್ರುತಿ ಸೂಕ್ಷ್ಮ ಸಾಲದು ಎಂಬ ಆರೋಪ. ನಮ್ಮ ಧಾರವಾಡದ ಕಡೆ ಪೇಟಿ ಇಲ್ಲದ ಬೈಠಕ್ಕು ಊಹಿಸಿಕೊಳ್ಳಿ! ಊರ ಗವಾಯಿಗೆ ರಾತ್ರಿಯಿಡೀ ಸಾಥ್ ಕೊಟ್ಟ ಪೇಟಿ, ಆಕಾಶವಾಣಿಯ ಗೇಟಿಗೆ ಬಂದ ಕೂಡಲೇ ಮೈಲಿಗೆ. ಮಡಿ ಬಿಟ್ಟದ್ದು 1971ರಲ್ಲಿ, ಅದೂ ಷರತ್ತು ಹಾಕಿ.

ಜನ ಏನು ಮಾಡಿದರು? ಧರಣಿ ಕೂರಲಿಲ್ಲ, ಮನವಿ ಪತ್ರ ಕೊಡಲಿಲ್ಲ. ಕಿವಿ ಹಿಂಡಿದರು, ರೇಡಿಯೋದ್ದು. ಮುಳ್ಳು ಸೀದಾ ಸಮುದ್ರದಾಚೆಯ ರೇಡಿಯೋ ಸಿಲೋನಿಗೆ (ಇಂದಿನ ಶ್ರೀಲಂಕಾ) ಹೋಗಿ ಕೂತಿತು. ಬುಧವಾರ ಸಂಜೆ ಅಮೀನ್ ಸಯಾನಿಯವರ ದನಿ, ಬಿನಾಕಾ ಟೂತ್‌ಪೇಸ್ಟಿನವರ ಸಿನಿಮಾ ಹಾಡಿನ ಕಾರ್ಯಕ್ರಮ, ಬಿನಾಕಾ ಗೀತ್‌ಮಾಲಾ. ಇತ್ತ ಐದು ಸಾವಿರ ವರ್ಷದ ಸಂಸ್ಕೃತಿ, ಅತ್ತ ಹಲ್ಲುಜ್ಜುವ ಪೇಸ್ಟು, ಗೆದ್ದದ್ದು ಪೇಸ್ಟು. ಶಾರ್ಟ್‌ವೇವಿನಲ್ಲಿ ಸ್ವರ ಮುಳುಗಿ, ಎದ್ದು, ಕರಕರ ಎಂದು ಮತ್ತೆ ತೇಲಿ ಬರುತ್ತಿತ್ತು. ಗಮಕ ಬೇಕೆಂದವರಿಗೆ ಅದೂ ಪುಕ್ಕಟೆ.

ಐದು ವರ್ಷ ಕಷಾಯ ಕಾಯಿಸಿದ ಮೇಲೆ, 1957ರ ಅಕ್ಟೋಬರ್ 3ರಂದು, ಸರ್ಕಾರ ತಾನೇ ರೇಡಿಯೋದಲ್ಲಿ ಸಿನಿಮಾ ಹಾಡಿನ ಮಿಠಾಯಿ ಅಂಗಡಿ ತೆರೆಯಿತು. ಬೋರ್ಡಿನ ಮೇಲೆ 'ವಿವಿಧ ಭಾರತಿ' ಎಂದಿತ್ತು. ಸಚಿವರು ಅವರೇ.

ಹಾಗಂತ ಆ ಕಷಾಯ ಕೆಟ್ಟದ್ದೆಂದು ನಾನು ಹೇಳಿಲ್ಲ. ಮಲ್ಲಿಕಾರ್ಜುನ ಮನ್ಸೂರರ ಹಳೆಯ ರೆಕಾರ್ಡಿಂಗುಗಳನ್ನು ಈಗ ರಾತ್ರಿ ಯೂಟ್ಯೂಬಿನಲ್ಲಿ ಹುಡುಕಿ ಹುಡುಕಿ ಕೇಳುತ್ತೇನೆ. ಆಲಾಪ ಏರಿ, ಇನ್ನೇನು ತಾರಷಡ್ಜ ಮುಟ್ಟಬೇಕು ಅನ್ನುವಷ್ಟರಲ್ಲಿ ಪೇಸ್ಟಿನ ಜಾಹೀರಾತು ಬರುತ್ತದೆ.