ತಾರುಣ್ಯದೇವತೆಗೆ ಬಡಿಸುವ ಕೆಲಸ

ಗ್ರೀಕರ ಹೀಬಿ ತಾರುಣ್ಯದ ಅಧಿದೇವತೆ. ಅಪ್ಪ ದೇವತೆಗಳ ದೊರೆ ಜ್ಯೂಸ್, ಅಮ್ಮ ಪಟ್ಟದರಾಣಿ ಹೀರಾ. ಇಂಥ ಮನೆಯ ಮಗಳು ಕಾಲ ಮೇಲೆ ಕಾಲು ಹಾಕಿಕೊಂಡು ಕೂತಿರಬೇಕಿತ್ತು ತಾನೆ? ಟ್ರಾಯ್ ಯುದ್ಧದ ಕಥೆ ಹೇಳುವ ಹೋಮರನ ‘ಇಲಿಯಡ್’ ಕಾವ್ಯ ತೆಗೆದು ನೋಡಿ, ಪಾಪ, ಆ ಹುಡುಗಿಗೆ ಉಸಿರಾಡಲು ಪುರುಸೊತ್ತಿಲ್ಲ. ನಾಲ್ಕನೇ ಕಾಂಡದಲ್ಲಿ ದೇವತೆಗಳೆಲ್ಲ ಸಭೆ ಸೇರಿ ಟ್ರಾಯ್ ಕಡೆ ನೋಡುತ್ತ ಕೂತಿದ್ದರೆ, ಬಟ್ಟಲು ಬಟ್ಟಲಿಗೂ ಅವರ ಪಾನೀಯವಾದ ನೆಕ್ಟಾರ್ ಸುರಿಯುವವಳು ಇವಳು. ಐದನೆಯದರಲ್ಲಿ ಅಮ್ಮ ರಥ ಹತ್ತಬೇಕೆಂದರೆ ಎಂಟು ಅರಗಳ ಕಂಚಿನ ಚಕ್ರ ಎತ್ತಿ ಅಚ್ಚಿಗೆ ಸಿಕ್ಕಿಸುವವಳೂ ಇವಳೇ. ಅಣ್ಣ ಏರೀಸ್ ಗಾಯ ಮಾಡಿಕೊಂಡು ಅಳುತ್ತ ಬಂದಾಗ ಸ್ನಾನ ಮಾಡಿಸಿ ಬಟ್ಟೆ ಉಡಿಸಬೇಕು. ಅವನು ಯುದ್ಧದೇವತೆಯಂತೆ! ಚಿಕ್ಕ ವಯಸ್ಸಿನವರು ಮನೆಯಲ್ಲಿದ್ದರೆ ಕೆಲಸದವರು ಬೇಡ ಅನ್ನುವ ನಿಯಮ ಒಲಿಂಪಸ್ ಬೆಟ್ಟದ ಮೇಲೂ ಜಾರಿಯಲ್ಲಿತ್ತು.

ನಮ್ಮ ಕಡೆ ಮದುವೆಗಳಲ್ಲೂ ಮೀಸೆ ಚಿಗುರಿದ ಹುಡುಗ ಕಣ್ಣಿಗೆ ಬಿದ್ದರೆ ಸಾಕು, “ಏನೋ, ಸುಮ್ನೆ ನಿಂತಿದ್ದೀಯಾ? ಪಂಚೆ ಎತ್ತಿ ಕಟ್ಟು, ಬಾ.” ಮೊದಲು ಉಪ್ಪು, ಉಪ್ಪಿನಕಾಯಿ. ಬಡ್ತಿ ಸಿಕ್ಕರೆ ಕೋಸಂಬರಿ. ಸಾರಿನ ಬಕೆಟ್ ಕೈಗೆ ಬಂತೆಂದರೆ ಗಂಡಸಾದ ಅಂತ ಲೆಕ್ಕ. ನನಗೆ ಆ ಬಡ್ತಿ ಸೋದರತ್ತೆಯ ಮಗಳ ಮದುವೆಯಲ್ಲಿ ಬಂತು. ಹೊಳೆಯುವ ಗ್ರಾನೈಟ್ ನೆಲ, ಹಿಂದಿನ ಪಂಕ್ತಿಯ ಎಲೆ ಎತ್ತಿ ಆಗಷ್ಟೇ ಒರೆಸಿದ್ದರು. ಗಂಡಿನ ಕಡೆಯ ಹಿರಿಯರೊಬ್ಬರು ಅನ್ನದ ನಡುವೆ ಅಚ್ಚುಕಟ್ಟಾಗಿ ಗುಳಿ ತೋಡಿಕೊಂಡು ಕಾಯುತ್ತಿದ್ದರು. ಗುಳಿ ಎಲೆಯಲ್ಲಿಯೇ ಉಳಿಯಿತು, ಸಾರು ಅವರ ರೇಷ್ಮೆ ಪಂಚೆಗೆ ಹೋಯಿತು. ಜರಿಯಂಚಿಗೆ ಟೊಮೆಟೊ ಸಿಪ್ಪೆ, ಮೊಣಕಾಲಿನ ಮೇಲೊಂದು ಕರಿಬೇವಿನೆಸಳು. ಮಹಾನುಭಾವರು ನನ್ನನ್ನು ಬಯ್ಯಲಿಲ್ಲ. ಸಾರು ಬಿಸಿಯಿಲ್ಲವೆಂದು ಅಡುಗೆಯವರನ್ನು ಕರೆಸಿ ಬೈದರು.

ಹೀಬಿಯೂ ಹೀಗೇ ಬಡಿಸುವಾಗ ಜಾರಿ ಬಿದ್ದಳು, ಅದಕ್ಕೇ ಅವಳ ಕೆಲಸ ಗ್ಯಾನಿಮೀಡ್ ಎಂಬ ಟ್ರಾಯ್ ರಾಜಕುಮಾರನ ಪಾಲಾಯಿತು ಅಂತ ಒಂದು ಕಥೆಯಿದೆ. ಹೋಮರನಲ್ಲಿ ಈ ಮಾತಿಲ್ಲ, ಬಹಳ ಕಾಲದ ಮೇಲೆ ಬಂದವರು ಸೇರಿಸಿದ್ದು. ಹೋಮರ ಹೇಳುವುದಿಷ್ಟೇ, ಆ ಸಭೆಯ ನೆಲ ಚಿನ್ನದ್ದು. ಚಿನ್ನದ ನೆಲದ ಮೇಲೆ ನಾಲ್ಕು ಹನಿ ನೆಕ್ಟಾರ್ ಚೆಲ್ಲಿದ್ದರೆ ಜಾರದವರು ಯಾರು? ನೆಲ ಹಾಕಿಸಿದವರನ್ನು ಯಾರೂ ಕೇಳುವುದಿಲ್ಲ. ನನ್ನ ಜಾಗಕ್ಕೂ ಗ್ಯಾನಿಮೀಡ್ ಬಂದ, ಚಿಕ್ಕಪ್ಪನ ಮಗ. ಇವತ್ತಿಗೂ ಯಾವ ಮದುವೆಗೆ ಹೋದರೂ ಅತ್ತೆ ಹೇಳುತ್ತಾರೆ, “ಅವನ ಕೈಗೆ ನೀರಿನ ಜಗ್ಗೂ ಕೊಡಬೇಡಿ.”

ಹೀಬಿಯನ್ನು ಆಮೇಲೆ ಮಹಾಬಲಶಾಲಿ ವೀರ ಹೆರಾಕ್ಲಿಸ್‌ಗೆ ಮದುವೆ ಮಾಡಿಕೊಟ್ಟರು. ಗ್ರೀಕರ ಹಾಸ್ಯನಾಟಕಗಳಲ್ಲಿ ಅವನು ಹೆಸರಾಂತ ಹೊಟ್ಟೆಬಾಕ. ಅಂದಮೇಲೆ ಬಡಿಸುವುದು ತಪ್ಪಿತು ಅನ್ನುವ ಹಾಗೂ ಇಲ್ಲ.

ಅವಳ ವರಗಳಲ್ಲಿ ನನಗೆ ಆಸೆ ಹುಟ್ಟಿಸಿದ್ದು ಒಂದೇ. ಗ್ರೀಕ್ ಕವಿ ಯೂರಿಪಿಡೀಸನ ನಾಟಕವೊಂದರಲ್ಲಿ ಹೆರಾಕ್ಲಿಸ್‌ನ ತಮ್ಮನ ಮಗ ಇಯೊಲಾಸ್, ಆ ಹೊತ್ತಿಗೆ ಹಣ್ಣು ಮುದುಕ, ಒಂದೇ ಒಂದು ದಿನ ಯೌವನ ಕೊಡು ಅಂತ ಹೀಬಿಯನ್ನು ಬೇಡಿಕೊಳ್ಳುತ್ತಾನೆ. ಕೂಡಲೇ ಎರಡು ನಕ್ಷತ್ರಗಳು ಬಂದು ರಥದ ನೊಗದ ಮೇಲೆ ಕೂರುತ್ತವೆ, ಮುದುಕ ತರುಣನಾಗಿ ವೈರಿಯನ್ನು ಅಟ್ಟಿಸಿಕೊಂಡು ಹೋಗಿ ಹಿಡಿದೇ ಬಿಡುತ್ತಾನೆ. ಮೊನ್ನೆ ಗ್ಯಾಸ್ ಸಿಲಿಂಡರನ್ನು ಒಬ್ಬನೇ ಮೂರನೇ ಮಹಡಿಗೆ ಎತ್ತಿಕೊಂಡು ಹೋದಾಗ ನನಗೂ ಅಂಥದ್ದೇನೋ ಆವೇಶ ಬಂದಿತ್ತು. ಮಾರನೆಯ ದಿನ ಇಯೊಲಾಸನ ಸೊಂಟ ಹೇಗಿತ್ತು ಅನ್ನುವುದನ್ನು ಮಾತ್ರ ಯೂರಿಪಿಡೀಸ್ ಬರೆದಿಲ್ಲ.